ತುಂಡು ಬೇರೆ, ಬಾಡು ಬೇರೆ

ಶಿವನಂಜಮ್ಮನಿಗೆ ಸಾಕಾಗಿಹೋಗಿತ್ತು. ಇಂಥದ್ದೇ ಸಾಕಾಗಿದೆ ಎಂದು ಬೆರಳು ಮಾಡಿ ತೋರಿಸುವ ಹಾಗೂ ಇರಲಿಲ್ಲ. ಕುಂಬಾರಕೊಪ್ಪಲಿನ ಒಂದೇ ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಟೀಚರಾಗಿ ಮಕ್ಕಳನ್ನು ಎತ್ತಿ ತೂಗಿದ ಕೈ, ಬೀದಿ ಬೀದಿ ಅಲೆದ ಮಂಡಿ, ಹೇಳಿದ್ದನ್ನೇ ಹೇಳಿ ಹೇಳಿ ಒಣಗಿದ ಗಂಟಲು, ಎಲ್ಲಕ್ಕೂ ಒಟ್ಟಿಗೇ ಸುಸ್ತು ಹಿಡಿದಿತ್ತು. ನಿವೃತ್ತಿಗೆ ಇನ್ನೂ ಮೂರು ವರ್ಷ. ಬೆಳಗ್ಗೆ ಚಾಮರಾಜಪುರಂನ ಮನೆಯಿಂದ ಬಸ್ಸಿಗೆ ಹೊರಡುವಾಗಲೇ ಸಂಜೆ ಬಂದು ಕಾಲು ಚಾಚುವ ಯೋಚನೆ ಬರುತ್ತಿತ್ತು.

ಈ ಕೆಲಸದಲ್ಲಿ ಅವಳಿಗೆ ಗಂಟುಬಿದ್ದ ದೊಡ್ಡ ತಮಾಷೆಯೆಂದರೆ ಬಾಡಿನ ಪಾಠ. ಅವಳದು ನಂಜನಗೂಡು ಕಡೆಯ ಲಿಂಗಾಯತರ ಬೇಸಾಯದ ಮನೆ. ಮಾಂಸವಿರಲಿ, ಅಂಗನವಾಡಿಯ ಮೊಟ್ಟೆಯನ್ನೂ ಸಹಾಯಕಿಯೇ ಬೇಯಿಸಬೇಕು, ಸಹಾಯಕಿಯೇ ಸುಲಿಯಬೇಕು. ಅಂಥವಳು ತಿಂಗಳಿಗೊಮ್ಮೆ ತಾಯಂದಿರನ್ನು ಕೂರಿಸಿಕೊಂಡು, "ಆರು ತಿಂಗಳು ತುಂಬಿದ ಮೇಲೆ ಬರೀ ಹಾಲು ಸಾಕಾಗಲ್ಲ ಕಣಮ್ಮ. ಗಂಜಿ, ಬೇಳೆ, ಸೊಪ್ಪು ಕೊಡಿ, ಮಾಂಸ ತಿನ್ನೋ ಮನೆಯೋರು ಮಾಂಸಾನೂ ಮೆತ್ತಗೆ ಮಾಡಿ ಕೊಡಿ, ರಕ್ತ ಆಗುತ್ತೆ" ಎಂದು ಹೇಳಬೇಕಿತ್ತು. ತರಬೇತಿಯಲ್ಲಿ ಕಲಿತದ್ದನ್ನು ಹೇಳುತ್ತಿದ್ದಳು, ಅಷ್ಟೇ. ಈಜು ಬಾರದವಳು ದಡದಲ್ಲಿ ನಿಂತು ಈಜು ಕಲಿಸಿದ ಹಾಗೆ. ಯಾರಾದರೂ ಮರುಪ್ರಶ್ನೆ ಕೇಳಿಬಿಟ್ಟಾರು ಎಂಬ ಅಳುಕು ಒಳಗೇ ಇತ್ತು. ಯಾರೂ ಕೇಳುತ್ತಿರಲಿಲ್ಲ.

ಆ ವರ್ಷ ಅವಳ ತಲೆಬಿಸಿಗೆ ಕಾರಣವಾದ ಕೂಸಿನ ಹೆಸರು ಶರಣ್ಯಾ. ಹತ್ತು ತಿಂಗಳು. ತಾಯಿ ಭಾನುಪ್ರಿಯಾ ಮೇಟಗಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು, ತಂದೆ ರಾಹುಲ್ ಆಟೊ ಓಡಿಸುತ್ತಿದ್ದ. ಕೂಸು ದಿನವೆಲ್ಲ ಅಜ್ಜಿ ಪುಟ್ಟಲಿಂಗಮ್ಮನ ಸೊಂಟದ ಮೇಲೆ. ಅಜ್ಜಿ ಅಂದರೆ ಅಜ್ಜಿ, ಕೂಸನ್ನು ನೆಲಕ್ಕೆ ಬಿಟ್ಟರೆ ಸವೆದುಹೋಗುತ್ತದೇನೋ ಎಂಬಂತೆ ಎತ್ತಿಕೊಂಡೇ ಇರುತ್ತಿದ್ದಳು. ಆದರೂ ಶರಣ್ಯಾ ತೂಕ ಏರಲೊಲ್ಲಳು. ಎಂಟನೇ ತಿಂಗಳಲ್ಲಿ ಎಷ್ಟಿತ್ತೋ ಹತ್ತನೇ ತಿಂಗಳಲ್ಲೂ ಅಷ್ಟೇ. ಅಂಗೈ ನೋಡಿದರೆ ಸುಣ್ಣ ಬಳಿದ ಹಾಗೆ ಬಿಳಿ. ಕೂಸು ಅಳುವುದಕ್ಕೂ ಬೇಜಾರು ಪಡುತ್ತಿತ್ತು.

ಶಿವನಂಜಮ್ಮ ತಿಂಗಳು ತಪ್ಪದೆ ಆ ಮನೆಗೆ ಹೋಗಿದ್ದಳು. ಹೋಗಿದ್ದಳು ಎಂದರೆ ಬಾಗಿಲವರೆಗೆ. "ಒಳೀಕ್ ಬನ್ನಿ ಟೀಚ್ರಮ್ಮ" ಎಂದು ಪುಟ್ಟಲಿಂಗಮ್ಮ ಪ್ಲಾಸ್ಟಿಕ್ ಕುರ್ಚಿ ಒರೆಸಿ ಇಟ್ಟರೆ ಇವಳು ಸೆರಗು ಮೂಗಿಗೆ ತಂದುಕೊಂಡು, "ಬೇಡ ಕಣಮ್ಮ, ನನಗೆ ಬಾಡಿನ ವಾಸನೆ ಆಗಲ್ಲ, ತಲೆ ಸುತ್ತುತ್ತೆ" ಎನ್ನುತ್ತಿದ್ದಳು. ಒಳಗಿನ ಗೋಡೆಯ ಮೇಲೆ ಬುದ್ಧನ ಫೋಟೊ, ಪಕ್ಕದಲ್ಲಿ ಅಂಬೇಡ್ಕರರದು. ಅದು ಯಾರ ಮನೆ ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಿರಲಿಲ್ಲ.

ಹೊಸ್ತಿಲಾಚೆ ನಿಂತೇ ಕೇಳುತ್ತಿದ್ದಳು. "ಕೂಸಿಗೆ ಬಾಡು ಕೊಡ್ತಿದ್ದೀರಾ ಪುಟ್ಟಲಿಂಗಮ್ಮ?"

"ಕೊಡ್ತಿವ್ನಿ ಟೀಚ್ರಮ್ಮ. ವಾರಕ್ಕೆ ಎರಡ್ ದಪ ಬಾಡು ಕೊಡ್ತಿವ್ನಿ."

ಪುಸ್ತಕದಲ್ಲಿ ಒಂದು ಟಿಕ್. ಮುಂದಿನ ಮನೆ.

ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ ಏಳು ಪಾಯಿಂಟ್ ಎಂಟು ಬಂತು. ಹನ್ನೊಂದರ ಹತ್ತಿರ ಇರಬೇಕಾದದ್ದು. ಡಾಕ್ಟರಮ್ಮ ಕಾರ್ಡು ತಿರುವಿ ನೋಡಿ ಹುಬ್ಬು ಗಂಟಿಕ್ಕಿದರು. "ಔಷಧದ ಡ್ರಾಪ್ಸ್ ಹೋಗ್ತಿದೆ. ವಾರಕ್ಕೆರಡು ಸಲ ಮಾಂಸ ಅಂತ ಬರೆದಿದ್ದೀರಿ. ಹಂಗಿದ್ರೆ ಇಷ್ಟು ಇಳೀಬಾರದಲ್ವಾ? ಟೀಚರ್, ಕೊಡೋದನ್ನ ನೀವು ಕಣ್ಣಾರೆ ನೋಡಿದ್ದೀರಾ?"

"ನೋಡಿದ್ದೀನಿ ಮೇಡಂ" ಎಂದುಬಿಟ್ಟಳು ಶಿವನಂಜಮ್ಮ. ನೋಡಿರಲಿಲ್ಲ.

"ಸರಿ, ಒಂದೂವರೆ ತಿಂಗಳು ಕಾಯೋಣ. ಇನ್ನೂ ಇಳಿದರೆ ದೊಡ್ಡಾಸ್ಪತ್ರೆಗೆ ಸೇರಿಸಿ ರಕ್ತ ಏರಿಸ್ಬೇಕಾಗುತ್ತೆ."

ಭಾನುಪ್ರಿಯಾ ಅಲ್ಲೇ ಅತ್ತಳು. ಪುಟ್ಟಲಿಂಗಮ್ಮ ಅಳಲಿಲ್ಲ. ಸೊಸೆ ಬಯ್ಯದಿದ್ದರೂ ಬಯ್ಯಿಸಿಕೊಂಡವಳಂತೆ ಮುಖ ಕೆಳಗೆ ಹಾಕಿ, ಕೂಸಿನ ಕಾಲನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ಶಿವನಂಜಮ್ಮ ಅವಳು ಗೇಟು ದಾಟುವವರೆಗೂ ನೋಡಿದಳು. ಸುಳ್ಳು ಹೇಳಿದ್ದು ತಾನು, ತಲೆ ತಗ್ಗಿಸಿದ್ದು ಆಯಮ್ಮ.

ಆ ಭಾನುವಾರ, ರಜೆಯ ದಿನ, ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಬೇಕಾದವಳು ಬಸ್ಸು ಹತ್ತಿದಳು. ಬೈದುಕೊಂಡೇ ಹತ್ತಿದಳು, ಯಾರನ್ನು ಎಂದು ಗೊತ್ತಿಲ್ಲದೆ. ಹನ್ನೆರಡು ಗಂಟೆಗೆ ಆ ಮನೆಯ ಬಾಗಿಲಲ್ಲಿ ನಿಂತಾಗ ಒಳಗೆ ಕುಕ್ಕರ್ ಕೂಗುತ್ತಿತ್ತು, ಭಾನುಪ್ರಿಯಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಪುಟ್ಟಲಿಂಗಮ್ಮ ಗಾಬರಿಯಾಗಿ, "ವಾಸ್ನೆ ಟೀಚ್ರಮ್ಮ, ಈಗ ಬಂದ್ಬುಟ್ರಲ್ಲ" ಎಂದಳು.

"ಇರಲಿ. ಕೂಸಿಗೆ ಉಣ್ಣಿಸೋದು ನೋಡಬೇಕು" ಎಂದು ಶಿವನಂಜಮ್ಮ ಚಪ್ಪಲಿ ಬಿಟ್ಟು ಒಳಗೆ ಹೋಗಿ ಅಡುಗೆಮನೆಯ ಗೋಡೆಗೆ ಒರಗಿ ಕೂತಳು. ಸೆರಗು ಮೂಗಿಗೆ ತರಲು ಹೋದ ಕೈಯನ್ನು ತಡೆದುಕೊಂಡಳು.

ಪುಟ್ಟಲಿಂಗಮ್ಮನ ಅಚ್ಚುಕಟ್ಟಿಗೆ ಹೆಸರಿಡುವ ಹಾಗಿರಲಿಲ್ಲ. ಕೈ ತೊಳೆದಳು, ಬಟ್ಟಲು ತೊಳೆದಳು. ಖಾರ ಹಾಕುವ ಮುಂಚೆಯೇ ಕೂಸಿನ ಪಾಲೆಂದು ಬಾಡು ಬೆಂದ ಎಸರು ಒಂದು ಸೌಟು ತೆಗೆದಿಟ್ಟಿದ್ದಳು. ಮೆತ್ತಗೆ ಬೆಂದ ಅನ್ನಕ್ಕೆ ಅದನ್ನು ಹುಯ್ದು ಬೆರಳಲ್ಲಿ ಕಿವುಚಿದಳು. ನೀರು ನೀರಾದ ಅನ್ನ. ಕೂಸು ಎರಡು ತುತ್ತು ನುಂಗಿತು.

"ಬಾಡು ಎಲ್ಲಿ?" ಎಂದಳು ಶಿವನಂಜಮ್ಮ.

"ಇದೇ ಅಲ್ವ್ರಾ?"

"ಇದು ನೀರು. ನಾನು ಕೇಳ್ತಿರೋದು ಬಾಡು."

"ಅಯ್, ಬಾಡು ಅಂದ್ರೆ ಎಸ್ರೇ ಅಲ್ವ್ರಾ? ಸತ್ವ ಎಲ್ಲಾ ಎಸ್ರಿಗೆ ಇಳ್ದದೆ." ಆಮೇಲೆ ಅರ್ಥವಾಗಿ, ಕೈ ಹಾಗೆಯೇ ಬಟ್ಟಲಲ್ಲಿ ನಿಂತಿತು. "ತುಂಡಾ? ತುಂಡ ಎಲ್ಲಾರಾ ಕೂಸಿಗೆ ಕೊಟ್ಟಾರಾ? ನೀವ್ ಬಾಡು ಕೊಡಿ ಅಂದ್ರಿ, ನಾನ್ ಬಾಡು ಕೊಡ್ತಿವ್ನಿ ಅಂದೆ. ತುಂಡು ಅಂತ ನೀವ್ಯಾವತ್ತೂ ಅನ್ನಲಿಲ್ವಲ್ಲ!"

ನಾಲ್ಕು ತಿಂಗಳು. ಒಂದು ಪದ. ಮಾಂಸ ತಿನ್ನುವ ಯಾವ ಹೆಂಗಸಾದರೂ ಮೊದಲ ದಿನವೇ ಕೇಳಿರುತ್ತಿದ್ದಳು, ಎಸರೋ ತುಂಡೋ ಎಂದು. ಇವಳಿಗೆ ಬಾಡೆಲ್ಲ ಒಂದೇ ಬಾಡು, ಒಂದೇ ವಾಸನೆ.

"ತುಂಡು ಯಾಕ್ ಕೊಡಲ್ಲ?" ಎಂದು ಕೇಳಿದ್ದಕ್ಕೆ ಪುಟ್ಟಲಿಂಗಮ್ಮ ಬಟ್ಟಲು ಕೆಳಗಿಟ್ಟು ಹಳೆಯದನ್ನು ಹೇಳಿದಳು. ಮಗ ರಾಹುಲನಿಗೆ ಆಗಿನ್ನೂ ವರ್ಷ ತುಂಬಿರಲಿಲ್ಲವಂತೆ. ನೆಂಟರ ಮನೆಯ ಬಾಡೂಟದಲ್ಲಿ ಯಾರೋ ಮುದ್ದಿಗೆಂದು ಬಾಯಿಗೊಂದು ತುಂಡು ಇಟ್ಟರು. ಸಿಕ್ಕಿಕೊಂಡಿತು. ತುಟಿ ನೀಲಿಯಾಯಿತು. "ನಮ್ ಯಜಮಾನ್ರು ಕಾಲಿಡ್ದು ತಲೆಕೆಳಗು ಮಾಡಿ ಬೆನ್ಗೆ ಗುದ್ದಿದ್ರು. ಬಂತು ಕಣ್ರಮ್ಮ, ಪುಣ್ಯಕ್ಕೆ ಬಂತು. ಅವತ್ತಿಂದ ನಮ್ಮನೇಲಿ ದವಡೆ ಹಲ್ಲು ಬರೋಗಂಟ ಯಾವ್ ಕೂಸಿಗೂ ತುಂಡಿಲ್ಲ. ಒಂದ್ ಸತ್ತೋದ್ರೆ ಯಾರ್ ತಂದ್ಕೊಡ್ತಾರೆ?"

ಇದಕ್ಕೆ ಶಿವನಂಜಮ್ಮ ಪಾಠ ಹೇಳಲು ಹೋಗಲಿಲ್ಲ. ಆಯಮ್ಮನ ಭಯ ಸುಳ್ಳಲ್ಲ. ಬೆಂದ ತುಂಡನ್ನು ಹಾಗೇ ಕೂಸಿನ ಬಾಯಿಗಿಟ್ಟರೆ ಅಪಾಯವೇ. "ತುಂಡು ತುಂಡಾಗೇ ಇರಬಾರದು ಕಣಮ್ಮ, ಅದೇ ವಿಷಯ. ಖಾರ ಹಾಕದೆ ಇರೋದು ಒಂದು ತೆಗೀರಿ. ಬೆಳ್ಳುಳ್ಳಿ ಜಜ್ಜೋ ಕಲ್ಲು ತೊಳೆದು ಕೊಡಿ" ಎಂದಳು.

"ನೀವಾ?" ಎಂದು ಕೇಳಿದ್ದು ಭಾನುಪ್ರಿಯಾ. ಅವಳು ಒದ್ದೆ ಕೈಯಲ್ಲಿ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು.

ಮುಟ್ಟದೆ ಬಾಯಲ್ಲಿ ಹೇಳಿ ಮಾಡಿಸಬಹುದಿತ್ತು. ಆದರೆ ಬಾಯಲ್ಲಿ ಹೇಳಿದ್ದೇ ಅಲ್ಲವೇ ಇಲ್ಲಿಗೆ ತಂದದ್ದು. ಶಿವನಂಜಮ್ಮ ಕೈ ತೊಳೆದು ಆ ತುಂಡನ್ನು ಹಿಡಿದಳು. ಬೆಚ್ಚಗೆ, ಮೆತ್ತಗೆ, ಎಳೆ ಎಳೆಯಾಗಿತ್ತು. ಅಸಹ್ಯವಾಯಿತು, ಸುಳ್ಳೇಕೆ. ಹಲ್ಲು ಕಚ್ಚಿ ಮೂಳೆ ಬಿಡಿಸಿದಳು, ಮೂಳೆಯ ಸಣ್ಣ ಚೂರು ಉಳಿದಿದೆಯೋ ಎಂದು ಬೆರಳಲ್ಲೇ ಹುಡುಕಿದಳು, ನರ, ಬಿಳಿ ಗಟ್ಟಿ ಪೊರೆ ಎಲ್ಲ ಕಿತ್ತು ಪಕ್ಕಕ್ಕಿಟ್ಟಳು. ಉಳಿದದ್ದನ್ನು ಕಲ್ಲಿಗೆ ಹಾಕಿ ಎಳೆ ಕಾಣದ ಹಾಗೆ ಜಜ್ಜಿದಳು. ಎಸರು ಬಿಟ್ಟು ಮತ್ತೆ ಅರೆದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ನೋಡಿ, ತರಿ ಸಿಗದ ಮೇಲೆ ಅನ್ನಕ್ಕೆ ಕಲಸಿದಳು.

"ಮಲಗಿಸಿಕೊಂಡು ಬೇಡ, ನೆಟ್ಟಗೆ ಕೂರಿಸಿ. ಅಳುವಾಗ, ನಗುವಾಗ ಬಾಯಿಗೆ ಹಾಕ್ಬೇಡಿ. ಒಂದು ನುಂಗಿದ ಮೇಲೇ ಇನ್ನೊಂದು. ಉಣ್ಣೋಷ್ಟು ಹೊತ್ತೂ ಕಣ್ಣು ಅದರ ಮೇಲೇ ಇರಬೇಕು."

ಕಾಲು ಚಮಚ. ಶರಣ್ಯಾ ನಾಲಿಗೆಯಲ್ಲಿ ತಳ್ಳಿತು, ಮುಖ ಸಿಂಡರಿಸಿತು, ಓಕ್ ಎಂದು ಕೆಂಪಾಗಿ ಕೆಮ್ಮಿತು. "ಅಯ್ಯೋ ನನ್ ಕಂದಾ!" ಎಂದು ಪುಟ್ಟಲಿಂಗಮ್ಮ ಬಾಯಿಗೆ ಬೆರಳು ಹಾಕಲು ಹಾರಿದಳು. ಶಿವನಂಜಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು. "ಬೆರಳು ಹಾಕ್ಬೇಡಿ, ಇನ್ನೂ ಒಳಕ್ಕೆ ಹೋಗುತ್ತೆ. ಕೆಮ್ಮೋ ಸದ್ದು ಬರ್ತಿದೆ, ಉಸಿರಾಡ್ತಿದೆ. ಸದ್ದೇ ನಿಂತರೆ ಆಗ ಮುಂಗೈ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಬೆನ್ನಿಗೆ ಬಡೀಬೇಕು. ಈಗ ಬೇಡ. ತಡೀರಿ." ಹೇಳಿದ್ದೇನೋ ದೊಡ್ಡ ಧೈರ್ಯಸ್ಥೆಯ ಹಾಗೆ. ಕಣ್ಣು ಮಾತ್ರ ಕೂಸಿನ ತುಟಿಯ ಬಣ್ಣದ ಮೇಲೇ ಇತ್ತು. ಕೂಸಿಗೇನಾದರೂ ಆದರೆ ತನ್ನ ಕೈಯಲ್ಲೇ ಆಗುವುದು.

ಶರಣ್ಯಾ ನುಂಗಿತು. ಕಣ್ಣಲ್ಲಿ ನೀರು ತುಂಬಿಕೊಂಡೇ ಚಮಚ ನೋಡಿತು. ಬಾಯಿ ತೆರೆಯಿತು.

ನಾಲ್ಕು ಚಮಚಕ್ಕೆ ನಿಲ್ಲಿಸಿ ಶಿವನಂಜಮ್ಮ ಕೈ ತೊಳೆದಳು. ಎದ್ದು ನಿಂತವಳಿಗೆ ಆಗ ಹೊಳೆಯಿತು. "ಪುಟ್ಟಲಿಂಗಮ್ಮ, ನಿಮ್ಮ ಬೀದೀಲಿ ಬೇರೆಯೋರೂ ಕೂಸಿಗೆ ಬಾಡು ಕೊಡ್ತೀವಿ ಅಂದ್ರೆ...?"

"ಎಲ್ರೂ ಅಂಗೇಯ. ಎಸ್ರೇ ಕೊಡೋದು."

ಪುಸ್ತಕದಲ್ಲಿ ಹದಿಮೂರು ಕೂಸುಗಳ ಎದುರು ಟಿಕ್ ಇತ್ತು. ಅಂದು ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡಳು. ಹಾಕಿಕೊಳ್ಳಬಾರದಿತ್ತೇನೋ, ಹಾಕಿಕೊಂಡಳು. ಸೋಮವಾರದಿಂದ ಹದಿಮೂರು ಅಡುಗೆಮನೆ ಶುರುವಾಯಿತು. ಮಂಡಿ ಬೇಡವೆಂದಿತು, ವಾರಕ್ಕೆ ಮೂರು ಮನೆಗಿಂತ ಹೆಚ್ಚು ಆಗಲಿಲ್ಲ. ಹೆಚ್ಚಿನ ಮನೆಗಳಲ್ಲಿ ಬರೀ ಎಸರು. ಒಬ್ಬಳು ಎಲ್ಲವನ್ನೂ ಮಿಕ್ಸಿಗೆ ಹಾಕುತ್ತಿದ್ದಳು, ಮೂಳೆ ಚೂರಿನ ಸಮೇತ. ಇನ್ನೊಬ್ಬಳು ಚೀಪಲೆಂದು ಕೋಳಿಯ ಕಾಲ್ಮೂಳೆಯನ್ನೇ ಕೂಸಿನ ಕೈಗೆ ಕೊಟ್ಟು ಟೀವಿ ನೋಡುತ್ತಿದ್ದಳು. ಶಿವನಂಜಮ್ಮ ರೇಗಿದಳು, ಆಮೇಲೆ ರೇಗಿದ್ದಕ್ಕೆ ಸಪ್ಪಗಾದಳು. ಇಷ್ಟು ವರ್ಷ ಬಾಗಿಲಲ್ಲಿ ನಿಂತು ಹೋದವಳಿಗೆ ರೇಗುವ ಹಕ್ಕು ಎಲ್ಲಿಂದ ಬರಬೇಕು.

ಹದಿಮೂರರಲ್ಲಿ ಒಂದು ಮೇಲಿನ ಬೀದಿಯ ದೇವರಾಜು ಅವರ ಮನೆ. ಒಕ್ಕಲಿಗರು, ಊರಲ್ಲಿ ಗದ್ದೆಯಿದ್ದವರು. ಶಿವನಂಜಮ್ಮ ಎಂದಿನಂತೆ ಹೋಗಿ ಸೋಫಾದ ಮೇಲೆ ಕೂತಳು, ಸೊಸೆ ಸಿಂಚನ ಎಂದಿನಂತೆ ಕಾಫಿ ತಂದಳು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅದೇ ಬಾಡು, ಅದೇ ಮಸಾಲೆ, ಅದೇ ವಾಸನೆ. ಲೋಟ ಅರ್ಧ ಖಾಲಿಯಾದ ಮೇಲೆ ಅದು ಅವಳ ಮೂಗಿಗೆ ಬಡಿಯಿತು. ಈ ಮನೆಯ ಬಾಗಿಲಲ್ಲಿ ತಾನು ಒಂದು ದಿನವೂ ನಿಂತಿರಲಿಲ್ಲ. ಉಳಿದ ಕಾಫಿ ಕುಡಿಯಲಾಗಲಿಲ್ಲ. "ಯಾಕೆ ಮಿಸ್, ಸಕ್ಕರೆ ಕಡಿಮೆ ಆಯ್ತಾ?" ಎಂದಳು ಸಿಂಚನ. ಇಲ್ಲಮ್ಮ, ಸರಿಯಾಗೇ ಇದೆ ಎಂದಳು.

ಒಂದೂವರೆ ತಿಂಗಳಿಗೆ ಶರಣ್ಯಾಳ ರಕ್ತ ಒಂಬತ್ತು ಪಾಯಿಂಟ್ ಆರು. ತೂಕ ಅರ್ಧ ಕೇಜಿ ಮೇಲೆ. "ಹಾಂ, ಇದು ಕೆಲಸ. ದೊಡ್ಡಾಸ್ಪತ್ರೆ ಬೇಡ, ಡ್ರಾಪ್ಸ್ ನಿಲ್ಲಿಸ್ಬೇಡಿ" ಎಂದರು ಡಾಕ್ಟರಮ್ಮ. ಶಿವನಂಜಮ್ಮ ಅಲ್ಲೇ ನಿಂತು, ಹಿಂದಿನ ಸಲ ತಾನು ನೋಡಿದ್ದೀನಿ ಅಂದದ್ದು ಸುಳ್ಳು ಎಂದು ಹೇಳಿದಳು. ಡಾಕ್ಟರಮ್ಮ ಒಂದು ಕ್ಷಣ ಅವಳನ್ನೇ ನೋಡಿ, ಮುಂದಿನ ಚೀಟಿ ಕರೆದರು.

ಹೊರಗೆ ಬೆಂಚಿನ ಮೇಲೆ ಇಬ್ಬರು ಹೆಂಗಸರೂ ಕೂತರು. ಪುಟ್ಟಲಿಂಗಮ್ಮನ ಮುಖದಲ್ಲಿ ಬಿಸಿಲು ಬಂದಿತ್ತು. "ನೀವ್ ಮೊದ್ಲ್ನೇ ದಿಸ್ವೇ ಒಳೀಕ್ ಬಂದಿದ್ರೆ ಈ ಕೂಸಿಗೆ ಇಷ್ಟೊಂದ್ ಸೂಜಿ ತಪ್ತಿತ್ತು ನೋಡಿ ಟೀಚ್ರಮ್ಮ" ಎಂದಳು. ಚುಚ್ಚುವ ಮಾತಲ್ಲ ಅದು. ಬಸ್ಸು ಮೊದಲೇ ಸಿಕ್ಕಿದ್ದರೆ ಎನ್ನುವ ಹಾಗೆ ಅಂದದ್ದು.

ಬಹಳ ಸುಸ್ತಾಗಿತ್ತು ಶಿವನಂಜಮ್ಮನಿಗೆ, ಇನ್ನೊಂದು ಸುಳ್ಳು ಹೊರುವಷ್ಟು ತ್ರಾಣ ಉಳಿದಿರಲಿಲ್ಲ. "ವಾಸನೆಗೆ ಅಲ್ಲ ಪುಟ್ಟಲಿಂಗಮ್ಮ, ನಾನು ಹೊರಗೆ ನಿಲ್ತಿದ್ದಿದ್ದು" ಎಂದಳು.

ಪುಟ್ಟಲಿಂಗಮ್ಮ ಕೂಸಿನ ಟೋಪಿಯ ದಾರ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. "ಗೊತ್ತು ಕಣವ್ವ" ಎಂದಳು. "ನಮ್ಗೆ ಗೊತ್ತಾಗ್ದೆ ಇರ್ತದಾ?"

ದಾರ ಕಟ್ಟಿ ಮುಗಿಸಿ, ಕೂಸನ್ನು ಎತ್ತಿ ಶಿವನಂಜಮ್ಮನ ಮಡಿಲಿಗೆ ಹಾಕಿದಳು. "ವಸಿ ಇಡ್ಕಳಿ. ಡ್ರಾಪ್ಸ್ ಇಸ್ಕೊಂಡ್ ಬತ್ತೀನಿ."