‘ನಾಳೆ ಬಾ’ ಎಂದು ಬರೆದ ಬಾಗಿಲು

ಬೆಳಕು ಇನ್ನೂ ಹರಿದಿಲ್ಲ. ಲಂಡನ್ನಿನ ಹೌನ್ಸ್ಲೋದಲ್ಲಿ ಕೌನ್ಸಿಲ್, ಅಂದರೆ ನಗರಸಭೆ, ಬಾಡಿಗೆಗೆ ಕೊಟ್ಟ ಫ್ಲ್ಯಾಟೊಂದರ ಬಾಗಿಲ ಹಿಂದೆ, ಚಪ್ಪಲಿಗಳ ಪಕ್ಕ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಸ್ವರ್ಣಲತಾ ಕೂತಿದ್ದಾರೆ. ದೀಪ ಹಾಕಿಲ್ಲ, ಕೋಟು ಕಳಚಿಲ್ಲ. ಮನೆಯೊಡತಿ ಘಾನಾ ದೇಶದ ಅಜ್ಜಿ. ನಮ್ಮಿಬ್ಬರನ್ನು ಒಳಗೆ ಕೂರಿಸಿ, ಎಷ್ಟೋ ದಿನಗಳ ಮೇಲೆ ನಿದ್ದೆಹೋಗಿದ್ದಾರೆ. ಹೊರಗೆ ಲಿಫ್ಟ್ ನಿಂತ ಸದ್ದು. ಆಮೇಲೆ ಹೆಜ್ಜೆ. ಬಾಗಿಲಿನಲ್ಲಿ ಕಾಗದ ಹಾಕುವ ಕಿಂಡಿಯ ತಗಡು ಮೇಲೇಳುತ್ತದೆ, ಹಾಗೇ ನಿಲ್ಲುತ್ತದೆ, ಯಾರೋ ಉಸಿರಾಡಿದಂತಾಗುತ್ತದೆ. ಮತ್ತೆ ಮೆಲ್ಲಗೆ ಇಳಿಯುತ್ತದೆ. ಬಾಗಿಲು ತೆರೆದರೆ ಯಾರೂ ಇಲ್ಲ.

ಅವರ ಕೆಲಸದ ಬಗ್ಗೆ ಬರೆಯಲೆಂದು ನಾನು ಜೊತೆಗೆ ಬಂದಿದ್ದೇನೆ. ಸ್ವರ್ಣಲತಾ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ನನ್ನ ಕೈಗಿಡುತ್ತಾರೆ. ಹೆದರಿಕೆ ಆಗುವುದಿಲ್ಲವೇ ಎಂದು ಕೇಳಿದರೆ ನಗುತ್ತಾರೆ.

“ಆಗ್ತದೆ ಮಾರಾಯ್ರೆ. ಇಲ್ಲ ಅಂದ್ರೆ ಸುಳ್ಳಾಗ್ತದೆ. ಆದ್ರೆ ಇಷ್ಟು ದಿನ ಈ ಅಜ್ಜಿ ಒಬ್ರೇ ಕೇಳಿದ್ದನ್ನ ಇವತ್ತು ನಾವಿಬ್ರೂ ಕೇಳಿದ್ವಲ್ಲ. ನನ್ನ ಕೆಲಸ ಅಷ್ಟೇ.”

ಆ ಕೆಲಸಕ್ಕೆ ಸಮುದಾಯ ಮನಶ್ಶಾಸ್ತ್ರ ಎಂಬ ದೊಡ್ಡ ಹೆಸರಿದೆ. ಒಬ್ಬರ ಮನಸ್ಸು ಕೆಟ್ಟಿದೆ ಎನ್ನುವ ಮೊದಲು ಅವರ ಮೆಟ್ಟಿಲು, ನೆರೆಹೊರೆ, ಓಣಿ ಹೇಗಿದೆ ಎಂದು ನೋಡುವವರು ಇವರು. ಕುಂದಾಪುರದ ಹುಡುಗಿ ಮದುವೆಯಾಗಿ ಲಂಡನ್ನಿಗೆ ಬಂದದ್ದು ಎಪ್ಪತ್ತರ ದಶಕದಲ್ಲಿ. ಗಂಡ ಹೋಟೆಲಿನಲ್ಲಿ ಅಡುಗೆ ಭಟ್ಟರು. ಇವರು ಅಲ್ಲೇ ದೋಸೆ ಹಿಟ್ಟು ರುಬ್ಬುತ್ತ ಸಂಜೆ ಕಾಲೇಜು ಮುಗಿಸಿದರು. ಈಗ, 2005ರಲ್ಲಿ, ಹಗಲು ಸಹಾಯ ಕೇಂದ್ರದಲ್ಲಿ ಕೆಲಸ, ಸಂಜೆ ಅದೇ ಕಾಲೇಜಿನಲ್ಲಿ ಪಾಠ. ಅವರ ಮೊದಲ ಪಾಠಕ್ಕೆ ಪುಸ್ತಕ ಬೇಕಿಲ್ಲ. ಒಬ್ಬ ವಿದ್ಯಾರ್ಥಿಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಉಳಿದವರಿಂದ ಹೊರಗಿನಿಂದ ಬಾಗಿಲನ್ನು ಉಗುರಿನಲ್ಲಿ ಕೆರೆಸುತ್ತಾರೆ. ಹೊರಬಂದವನ ಮುಖ ಬಿಳಿಚಿಕೊಂಡಿರುತ್ತದೆ. “ಈಗ ಹೇಳಿ, ಕಾಯಿಲೆ ಯಾರದ್ದು?” ಎಂದು ಕೇಳುತ್ತಾರೆ.

ಈ ಪಾಠ ಅವರು ಕಲಿತದ್ದು ಲಂಡನ್ನಿನದೇ ಹೇಸ್ ಬಡಾವಣೆಯ ಕಾಶವ್ವನ ಮನೆಯಲ್ಲಿ, 1998ರಲ್ಲಿ. ಗದಗಿನ ಕಡೆಯ ಈ ವಿಧವೆ ಮಗ ಸಂಪತ್‌ನ ಜೊತೆಗಿದ್ದರು. ಅವನು ವಿಮಾನ ನಿಲ್ದಾಣದ ಗೋದಾಮಿನ ಕೆಲಸಕ್ಕೆ ನಸುಕಿನಲ್ಲೇ ಹೊರಡುತ್ತಿದ್ದ. ಅವನು ಹೋದ ಮೇಲೆ ಬಾಗಿಲಾಚೆಯಿಂದ ಹೆಂಗಸೊಬ್ಬಳು ಕರೆಯುತ್ತಾಳೆ ಎಂದು ಕಾಶವ್ವ ಹೇಳತೊಡಗಿದರು. ಹೇಸ್‌ಗೆ ಹೋಗಿ ವಿಚಾರಿಸಿದರೆ ಇವತ್ತಿಗೂ ಅವರ ತೋಳಿನ ರೋಮ ನಿಮಿರುತ್ತದೆ.

“ದನಿ ನಂದs ಇತ್ತರಿ. ‘ಸಂಪತ್ಯಾ, ಏ ಸಂಪತ್ಯಾ’ ಅಂತ ನಾ ಕರದಂಗs ಕರೀತಿತ್ತು. ನಾ ಒಳಗ ಬಾಯಿ ಮುಚ್ಚಿಕೊಂಡು ಕುಂತೀನಿ. ಮತ್ತ ಹೊರಗ ಕರದಾಕಿ ಯಾರರಿ?”

ಆ ದಶಕದಲ್ಲಿ ನಮ್ಮ ಊರುಗಳಲ್ಲಿ ಹಬ್ಬಿದ್ದ ಸುದ್ದಿ ನೆನಪಿರಬೇಕು. ಬಲ್ಲವರ ದನಿಯಲ್ಲಿ ದೆವ್ವ ಬಂದು ಕರೆಯುತ್ತದೆ, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ಓದಿಕೊಂಡು ವಾಪಸು ಹೋಗುತ್ತದೆ. ಕಾಶವ್ವ ಸೀಮೆಸುಣ್ಣದಲ್ಲಿ ಅದನ್ನೇ ಬರೆದರು. ಮರುದಿನ ಬೆಳಿಗ್ಗೆ ಅಕ್ಷರ ಅಳಿಸಿಹೋಗಿತ್ತು. ಕನ್ನಡ ಓದುವ ದೆವ್ವ ನಮ್ಮೂರಿನದೇ ಎಂದು ಅವರಿಗೆ ಖಾತ್ರಿಯಾಯಿತು. ದಿನಾ ಬರೆದರು, ದಿನಾ ಅಳಿಯಿತು.

ತನ್ನದೇ ದನಿ ಹೊರಗಿನಿಂದ ಕೇಳುವುದು, ಬಾಗಿಲ ಮೇಲೆ ಯಾರಿಗೂ ತಿಳಿಯದ ಲಿಪಿ: ಡಾಕ್ಟರಿಗೆ ಇನ್ನೇನು ಬೇಕು? ಮಾನಸಿಕ ಆಸ್ಪತ್ರೆಗೆ, ಒಪ್ಪದಿದ್ದರೆ ಬಲವಂತವಾಗಿಯಾದರೂ, ಸೇರಿಸುವುದೆಂದು ಮಾತಾಯಿತು. ಸಂಪತ್ ಕೂಡ ತಲೆಯಾಡಿಸಿದ. ಭಾಷೆ ಬಲ್ಲವರೆಂದು ಸ್ವರ್ಣಲತಾರನ್ನು ಕರೆದದ್ದು ಕೊನೆಗೆ, ಬರೀ ಅನುವಾದಕ್ಕೆ.

“ಬಾಗಿಲು ನೋಡಿದ ಕೂಡ್ಲೆ ನನಗೆ ಗೊತ್ತಾಯ್ತು. ಇದು ಹುಚ್ಚಲ್ಲ, ನಮ್ಮೂರಿನ ಬೀಗ.”

ಮರುದಿನ ನಸುಕಿನಲ್ಲಿ ಅವರು ಕಾಶವ್ವನ ಕೈ ಹಿಡಿದು ಬಾಗಿಲ ಹಿಂದೆ ಕೂತರು. ಕಾಶವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಕಿಂಡಿ ತೆರೆಯಿತು. ಹೊರಗಿನಿಂದ ಕಾಶವ್ವನ ದನಿ ಕರೆಯಿತು: “ಸಂಪತ್ಯಾ...” ಸ್ವರ್ಣಲತಾ ಬಾಗಿಲು ತೆರೆದಾಗ ಹೊರಗೆ ಯಾರೂ ಇಲ್ಲ, ಮೆಟ್ಟಿಲ ಕಡೆಯಿಂದ ಗಂಡಸಿನ ನಗು ಮೇಲೇರುತ್ತಿತ್ತು. ಬಾಗಿಲ ಮೇಲೆ ‘ನಾಳೆ’ ಅಳಿಸಿಹೋಗಿತ್ತು. ‘ಬಾ’ ಮಾತ್ರ ಉಳಿದಿತ್ತು.

ಡಾಕ್ಟರುಗಳ ಎದುರು ಅವರು ಹೇಳಿದ್ದು ಇಷ್ಟೇ: ನಾನೂ ಕೇಳಿದ್ದೇನೆ, ಸೇರಿಸುವುದಾದರೆ ಎರಡು ಹಾಸಿಗೆ ಸಿದ್ಧ ಮಾಡಿ. ಆಸ್ಪತ್ರೆಯ ಮಾತು ನಿಂತಿತು. ಕಂದು ಬಣ್ಣದವರು ಬಿಟ್ಟು ಹೋಗಲೆಂದು ಮೇಲಿನ ಮಹಡಿಯವನೊಬ್ಬ, ಮುದುಕಿ ಮಗನನ್ನು ಕರೆಯುವ ಧಾಟಿಯನ್ನು ಕದ್ದು ಕೇಳಿ ಕಲಿತಿದ್ದ; ಏನು ಬರೆದಿದೆ ಎಂದು ತಿಳಿಯದೆಯೇ ಬಾಗಿಲ ಅಕ್ಷರವನ್ನೂ ಒರೆಸುತ್ತಿದ್ದ. ಅದನ್ನು ಜನಾಂಗೀಯ ಹಿಂಸೆ ಎಂದು ಕೌನ್ಸಿಲ್ ಒಪ್ಪಿ ಅವನನ್ನು ಅಲ್ಲಿಂದ ಎಬ್ಬಿಸುವ ಹೊತ್ತಿಗೆ ಸ್ವರ್ಣಲತಾ ಅಲೆದಲೆದು ಸೋತಿದ್ದರು. ನನಗೆ ಸಿಟ್ಟು ಬರುವುದು ಇಲ್ಲೇ. ದೆವ್ವವಾದರೂ ಅಕ್ಷರಕ್ಕೆ ಮರ್ಯಾದೆ ಕೊಡುತ್ತಿತ್ತು.

ಘಾನಾದ ಅಜ್ಜಿಗೂ ಅಂಥದೇ ನ್ಯಾಯ ಸಿಗಬೇಕು, ತಾನು ನಿವೃತ್ತಳಾಗುವ ಮೊದಲು. ಸ್ವರ್ಣಲತಾರ ಆಸೆ ಇಷ್ಟೇ. ಬೀಳ್ಕೊಡಲು ಅವರ ಕೇಂದ್ರದವರೆಗೆ ಹೋದಾಗ ಕಂಡದ್ದು, ಅವರ ಕೋಣೆಯ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ ‘ನಾಳೆ ಬಾ’. ಕಾಶವ್ವನನ್ನು ಆಸ್ಪತ್ರೆಗೆ ಹಾಕುತ್ತಾರೆಂದು ತಿಳಿದ ದಿನ ಬರೆದದ್ದಂತೆ; ಮಾಸಿದಾಗಲೆಲ್ಲ ತಿದ್ದುತ್ತಾರೆ. ದೆವ್ವ ನಂಬುತ್ತೀರಾ ಎಂದೆ.

“ಇಲ್ಲಪ್ಪ. ಒಬ್ರ ಬಾಗಿಲಲ್ಲಿದ್ರೆ ಹುಚ್ಚು ಅಂತಾರೆ. ಇಬ್ರ ಬಾಗಿಲಲ್ಲಿದ್ರೆ ಒಂದ್ಸಲ ನಿಂತು ಕೇಳ್ತಾರೆ.”