ಹೊಡೆದುಹಾಕಿದ ಮೈನಸ್ ಮೂರು

ಮೂವತ್ತೈದು ತುಂಬುವುದರೊಳಗೆ ನಾನು ಹತ್ತನೆಯ ತರಗತಿ ಪಾಸಾಗಬೇಕಿತ್ತು. ಕೊಳ್ಳೇಗಾಲದ ನಮ್ಮ ಬೀದಿಯ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಖಾಲಿಯಾಗುವುದರಲ್ಲಿತ್ತು. ಆ ವಯಸ್ಸು ದಾಟಿದವರ ಅರ್ಜಿ ತೆಗೆದುಕೊಳ್ಳುವುದಿಲ್ಲ. ಉಳಿದ ವಿಷಯಗಳನ್ನು ಹೇಗೋ ದಾಟಿದ್ದೆ. ಗಣಿತ ಮಾತ್ರ ಕಬ್ಬಿಣದ ಕಡಲೆ.

ಅಗರದಿಂದ ಬಸ್ಸಿನಲ್ಲಿ ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ವಾರಕ್ಕೆರಡು ದಿನ ಹೇಳಿಕೊಡುತ್ತಿದ್ದರು. ಎರಡು ಆವರಣ ಗುಣಿಸು ಎಂದರೆ ನಾನು ಮೊದಲಿನದಕ್ಕೆ ಮೊದಲಿನದು, ಕೊನೆಯದಕ್ಕೆ ಕೊನೆಯದು ಗುಣಿಸಿ ಪುಸ್ತಕ ಮುಚ್ಚುತ್ತಿದ್ದೆ. ಅವರು ತಲೆ ಚಚ್ಚಿಕೊಳ್ಳುತ್ತಿದ್ದರು. ಕಡೆಗೊಂದು ದಿನ ನನ್ನ ಗಂಡ ನೇಯುತ್ತಿದ್ದ ಮಗ್ಗವನ್ನೇ ತೋರಿಸಿದರು.

"ನೋಡವ್ವ, ಅಡ್ಡ ಓಗೋ ಎಳೆ ಉದ್ದದ ಎಳೆಗಳ್ನೆಲ್ಲಾ ದಾಟ್ಕಂಡೇ ಓಯ್ತದೆ. ಇದೂ ಅಂಗೇಯ. ಒಂದ್ನೂ ಬುಡಂಗಿಲ್ಲ."

ಅವತ್ತೇ ತಲೆಗೆ ಹತ್ತಿತು. ಗೆದ್ದೆನೆಂದು ಬೀಗಿದ್ದೇ ತಪ್ಪಾಯಿತು. ಆಮೇಲೆ ಸಮೀಕರಣ ಬಿಡಿಸುವುದು ಬಂತು. ನನಗೆ ತಿಳಿಯಲೆಂದು ಮೇಷ್ಟ್ರು ಎಲ್ಲವನ್ನೂ ಬಟ್ಟೆಯ ಉದ್ದಗಲದ ಲೆಕ್ಕವಾಗಿಯೇ ಕೊಡುತ್ತಿದ್ದರು. ಎರಡು ಉತ್ತರ ಬರುತ್ತಿದ್ದವು, ಒಂದು ಮೈನಸ್. ಗಂಡ ಮಗ್ಗದಲ್ಲಿ ಕೂತೇ ನಗುತ್ತಿದ್ದ: "ಮೈನಸ್ ಮೂರು ಮೊಳದ ಸೀರೆಯ ಯಾರ್ಗುಡಿಸೀಯೆ? ಒಡ್ದಾಕು." ಹೊಡೆದುಹಾಕುತ್ತಿದ್ದೆ. ಮೇಷ್ಟ್ರೂ ಸರಿ ಎನ್ನುತ್ತಿದ್ದರು. ಮಗ್ಗದ ಮನೆಯಲ್ಲಿ ಸೊನ್ನೆಗಿಂತ ಕಡಿಮೆ ಅಳತೆಯೇ ಇಲ್ಲ. ಕೈಗೆ ಅದೇ ರೂಢಿಯಾಯಿತು.

ಪರೀಕ್ಷೆಯಲ್ಲಿ ಒಂದೇ ಒಂದು ಅಂಕದಲ್ಲಿ ಫೇಲಾದೆ. ಉತ್ತರಪತ್ರಿಕೆಯ ನಕಲು ತರಿಸಿ ಮೇಷ್ಟ್ರ ಮುಂದೆ ಹಿಡಿದೆ. x² + x − 6 = 0. ಎರಡು ಎಂದು ಬರೆದಿದ್ದೆ, ಮೈನಸ್ ಮೂರನ್ನೂ ಕಂಡುಹಿಡಿದಿದ್ದೆ. ಆಮೇಲೆ ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 'ಅಳತೆ ಮೈನಸ್ ಇರುವುದಿಲ್ಲ' ಎಂದು ಬೇರೆ ಬರೆದಿದ್ದೆ!

"ಇಲ್ಲಿ ಸೀರೆ ಎಲ್ಲವ್ವ ಅದೆ?" ಎಂದರು ಮೇಷ್ಟ್ರು. "ಬರೀ ಸಂಖ್ಯೆ. ಎರಡೂ ಬೇಕಾಗಿತ್ತು."

"ಅದ ಮೊದ್ಲೇ ಯೋಳ್ಬಾರ್ದಾಗಿತ್ತಾ ಸಾ?" ಎಂದು ಕೂಗಿಬಿಟ್ಟೆ.

ಗಂಡ ಮಗ್ಗ ನಿಲ್ಲಿಸಿದ. ಇಬ್ಬರ ಮೇಲೂ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಗೆರೆ ಎಳೆದ ಕೈ ನನ್ನದು. ಸಿಕ್ಕಿದ ಉತ್ತರವನ್ನು ಕೈಯಾರೆ ಕೊಂದವಳು ನಾನೇ.

ಮುಂದಿನ ಪರೀಕ್ಷೆಯಲ್ಲಿ ಒಂದನ್ನೂ ಹೊಡೆದುಹಾಕಲಿಲ್ಲ. ಪಾಸಾದೆ. ಅಂಕಪಟ್ಟಿ ಹಿಡಿದು ಅರ್ಜಿ ತುಂಬಿಸಲು ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿನ ಹುಡುಗಿ ಮೊದಲು ಹುಟ್ಟಿದ ತಾರೀಖು ಕೇಳಿ ಒತ್ತಿದಳು. ಇನ್ನೊಮ್ಮೆ ಒತ್ತಿದಳು.

"ತಕತಾ ಇಲ್ಲ ಕಣಕ್ಕ. ವಯಸ್ಸು ಎರಡ್ ತಿಂಗ್ಳು ಎಚ್ಚಾಗೋಗದೆ."

ಗಣಿತ ಕಲಿಯುವ ಭರದಲ್ಲಿ ನನಗೆ ತಿಂಗಳುಗಳ ಲೆಕ್ಕ ತಪ್ಪಿತ್ತು. ಅಂಕಪಟ್ಟಿಯನ್ನು ಅವಳು ಕೇಳಲೇ ಇಲ್ಲ.