ಭಾವ ಸುತ್ತಿದ ಒಂಬತ್ತು ಸುರುಳಿ

1952ರಲ್ಲಿ, ಏಳನೇ ಕ್ಲಾಸು ಅರ್ಧಕ್ಕೆ ಬಂದಾಗ, ನಾನು ಓದು ನಿಲ್ಲಿಸಿದೆ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಉಳಿದವರು ಅಕ್ಕ ಮತ್ತು ನಾನು. ಯಾರ ಮುಂದೂ ಕೈ ಚಾಚದೆ, ಬಂಗಾರಪೇಟೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಮೈದಾ ನಾದುವ ಕೆಲಸಕ್ಕೆ ಸೇರಿದೆ. ಇಪ್ಪತ್ತು ದಾಟುವ ಹೊತ್ತಿಗೆ ಅಲ್ಲಿಯ ಸುರುಳಿ ನನ್ನ ಕೈಯದೇ ಆಗಿತ್ತು.

ಸುರುಳಿ ಎಂದರೆ ಬೆರಳುದ್ದದ ಕರಿದ ತಿಂಡಿ. ಮೈದಾ ರೊಟ್ಟಿಯನ್ನು ಆಚೆ ಕಡೆಯ ಬೆರಳು ಕಾಣುವಷ್ಟು ತೆಳ್ಳಗೆ ಲಟ್ಟಿಸಿ, ಹೆಂಚಿನ ಮೇಲೆ ಒಂದು ಕ್ಷಣ ಬಿಸಿ ತಾಗಿಸಬೇಕು. ಹುರಿಗಡಲೆ, ಒಣಕೊಬ್ಬರಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕುಟ್ಟಿದ ಪುಡಿ ಉದುರಿಸಿ, ಬಿಗಿಯಾಗಿ ಸುತ್ತಿ, ಅಂಚಿಗೆ ಮೈದಾ ಅಂಟು ಸವರಿ ಕರಿಯಬೇಕು. ಕಚ್ಚಿದರೆ ಪಕ್ಕದ ಮೇಜಿನವನಿಗೆ ಸದ್ದು ಕೇಳಬೇಕು. ನಾನು ಸುತ್ತಿದ್ದು ಎಣ್ಣೆಯಲ್ಲಿ ಒಂದೂ ಬಿಚ್ಚಿಕೊಂಡದ್ದಿಲ್ಲ. ಇದನ್ನು ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಓದು ಬಿಟ್ಟ ಒಂಬತ್ತನೇ ವರ್ಷ ಅಕ್ಕ ಬಸುರಿಯಾದಳು. ಭಾವ ಚಿನ್ನದ ಗಣಿಯ ಕೆಲಸಗಾರ. ಉರಿಗಾಂನಲ್ಲಿ ಗಣಿಯವರು ಸಾಲಾಗಿ ಕಟ್ಟಿಸಿದ್ದ ಲೈನು ಮನೆಗಳಲ್ಲಿ ಅವರ ಸಂಸಾರ. ಬೇರೆ ಬಸುರಿಯರು ಹುಣಸೆಕಾಯಿ ಕೇಳಿದರೆ ಇವಳು ಸುರುಳಿ ಕೇಳಿದಳು. ಸೀಮಂತಕ್ಕೆ ತವರಿನಿಂದ ತಿಂಡಿ ಬರಬೇಕಲ್ಲ, ತವರೆಂದರೆ ನಾನೊಬ್ಬನೇ. ಇನ್ನೂರು ಸುರುಳಿ ಹಾಕುತ್ತೇನೆಂದು ಲೈನಿಗೆಲ್ಲ ಸಾರಿಬಿಟ್ಟೆ. ಅಷ್ಟನ್ನು ಅದೇ ದಿನ ಕೂತು ಮಾಡಲಾಗುವುದಿಲ್ಲ. ಹಿಂದಿನ ದಿನವೇ ಸುತ್ತಿ, ಸಣ್ಣ ಉರಿಯಲ್ಲಿ ಬಣ್ಣ ತಿರುಗುವ ಮೊದಲೇ ತೆಗೆದು, ಬಟ್ಟೆಯ ಮೇಲೆ ಹರವಬೇಕು. ಮರುದಿನ ನೆಂಟರು ಬಂದು ಕೂತ ಮೇಲೆ ಜೋರು ಉರಿಯಲ್ಲಿ ಇನ್ನೊಂದು ಸಲ ಕರಿಯಬೇಕು.

ಸೀಮಂತದ ಹಿಂದಿನ ದಿನ ಮೊದಲ ಗಾಡಿಗೇ ಉರಿಗಾಂಗೆ ಹೋಗಿ ಅಕ್ಕನ ಮನೆಯ ಒಲೆ ಮುಂದೆ ಕೂತೆ. ಭಾವನಿಗೆ ಮಧ್ಯಾಹ್ನ ಎರಡಕ್ಕೆ ಶಿಫ್ಟು. ಅವನೂ ನನ್ನ ಎದುರಿಗೆ ಚಕ್ಕಂಬಕ್ಕಳ ಹಾಕಿಕೊಂಡು ಕೂತ.

"ಲೇ ಬಾಮೈದ, ಇವತ್ತು ನಾನು ಕೆಲಸಕ್ಕೆ ಓಗಲ್ಲ ಕಣ್ಲಾ. ನಿನ್ ಜೊತೆ ಕುಂತ್ಕಂಡು ಸುತ್ತಿ ಕೊಡ್ತೀನಿ."

ಒಂಬತ್ತು ಸುತ್ತಿದ. ಬಂಡೆ ಒಡೆಯುವ ಕೈ, ಮೈದಾ ಕೇಳುತ್ತದೆಯೇ? ಒಂದನ್ನು ಎಣ್ಣೆಗೆ ಬಿಟ್ಟೆ. ಬಿಚ್ಚಿಕೊಂಡು, ಪುಡಿಯನ್ನೆಲ್ಲ ಕಾರಿ, ಎಣ್ಣೆಯನ್ನು ಕಪ್ಪು ಮಾಡಿತು.

"ಬಾವ, ಇದು ಸುರುಳಿ ಅಲ್ಲ, ನಿನ್ ಪಂಚೆ. ಎಷ್ಟು ಕಟ್ಟಿದ್ರೂ ನಿಲ್ಲಲ್ಲ."

"ಅವ್ರ ಪಂಚೆ ಉಸಾಬರಿ ನಿಂಗ್ಯಾಕ್ಲಾ!" ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಭಾವನೂ ನಕ್ಕ. ಆದರೆ ಅವನ ಕಣ್ಣು ನೀರಿನ ಬಿಂದಿಗೆಯ ಮೇಲಿತ್ತು. ನೀರು ನಡುವಿನಿಂದ ಅಂಚಿಗೆ ನಡುಗುತ್ತಿತ್ತು. ಗೋಡೆಗೆ ತೂಗುಹಾಕಿದ್ದ ಸೌಟುಗಳು ಒಂದಕ್ಕೊಂದು ತಾಗಿ ಸುಮ್ಮನಾದವು. ಕೆಳಗೆ ಗಣಿಯ ಆಳದಲ್ಲಿ ಬಂಡೆ ತಾನಾಗಿ ಸಿಡಿದರೆ ಹೀಗಾಗುತ್ತಿತ್ತು. ಲೈನಿನವರು ಅದನ್ನು ಏರ್ ಬ್ಲಾಸ್ಟ್ ಎನ್ನುತ್ತಿದ್ದರು.

"ಬೆಳಗ್ಗೆಯಿಂದ ಮೂರು ಸಲ ಆಯ್ತು," ಎಂದ ಭಾವ. "ಸಣ್ಣಸಣ್ಣದು ಇಂಗೆ ಮೇಲಿಂದ್ಮೇಲೆ ಬಂದ್ರೆ ನಂಗೆ ಸರಿ ಕಾಣಲ್ಲ."

"ನಮ್ ಸ್ಟೇಷನ್ನಾಗೆ ಗೂಡ್ಸ್ ಗಾಡಿ ಬಂದ್ರೂ ಇಂಗೇ ನಡುಗ್ತದೆ. ನಾಳೆಗೆ ಎಂಗೂ ರಜ ಆಕಿದ್ದೀಯ. ಇಲ್ಲಿದ್ದು ನನ್ ಎಣ್ಣೆ ಕೆಡಿಸ್ಬೇಡ, ಓಗಿ ಬಾ ಬಾವ."

ಅವನು ಅಕ್ಕನ ಮುಖ ನೋಡಿದ. ಗಂಡನಿಗೂ ತಮ್ಮನಿಗೂ ನಡುವೆ ಅವಳು ಬಾಯಿ ಹಾಕಲಿಲ್ಲ. ಅವನು ಎದ್ದು ಕೈಗಂಟಿದ ಹಿಟ್ಟು ತೊಳೆದುಕೊಂಡು ಹೋದ. ಅವನು ಸುತ್ತಿದ ಉಳಿದ ಎಂಟನ್ನು, ಆಮೇಲೆ ಬಿಚ್ಚಿ ಸುತ್ತೋಣವೆಂದು, ಬೇರೆ ತಟ್ಟೆಯಲ್ಲಿಟ್ಟೆ.

ನಾಲ್ಕರ ಹೊತ್ತಿಗೆ ನೂರ ಮೂವತ್ತು ಆಗಿತ್ತು. ಆಗ ನೆಲವನ್ನು ಯಾರೋ ಕೆಳಗಿನಿಂದ ಒದ್ದ ಹಾಗಾಯಿತು. ಬಾಣಲೆಯ ಎಣ್ಣೆ ಎದ್ದು ಅಂಚು ದಾಟಿ ಒಲೆಗೆ ಚೆಲ್ಲಿ ಉರಿ ಭುಗಿಲೆಂದಿತು. ಸೌಟುಗಳೆಲ್ಲ ಕೆಳಗೆ ಬಿದ್ದವು. ಆಮೇಲೆ ಲೈನಿನಲ್ಲಿ ಒಂದು ಮಗುವಿನ ಅಳುವೂ ಇಲ್ಲ. ಸ್ವಲ್ಪ ಹೊತ್ತಿಗೆ ಸೈರನ್ ಕೂಗಿತು.

ನಾನು ಬಾಣಲೆ ಇಳಿಸಲು ಬಟ್ಟೆ ತೆಗೆದುಕೊಂಡೆ.

"ಇಳಿಸ್ಬೇಡ!" ಎಂದು ಅಕ್ಕ ಕಿರುಚಿದಳು.

ಪಕ್ಕದ ಮನೆಯ ತಮಿಳು ಅಜ್ಜಿ ಬಾಗಿಲಿಗೆ ಬಂದಿದ್ದಳು. "ಬೇಡಾ ತಂಬಿ, ಒಲೆ ಆರಬಾರ್ದು," ಎಂದಳು. ಗಂಡಸು ಕೆಳಗಿರುವಾಗ ಬ್ಲಾಸ್ಟ್ ಆದರೆ, ಅವನು ಮೇಲೆ ಬರುವ ತನಕ ಆ ಮನೆಯ ಒಲೆ ಆರಬಾರದು, ಮೇಲಿಟ್ಟ ಪಾತ್ರೆ ಇಳಿಯಬಾರದು. ಲೈನಿನವರ ಕಟ್ಟು ಅದು. ಅಜ್ಜಿ ಸುದ್ದಿ ತರಲು ಗಣಿಯ ಬಾಗಿಲಿಗೆ ಹೋದಳು. ಅಕ್ಕ ಗೋಡೆಗೊರಗಿ ಕೂತಳು. ನಾನು ಮತ್ತೆ ಒಲೆ ಮುಂದೆ ಕೂತೆ.

ಸುತ್ತಿದೆ, ಕರಿದೆ. ಇನ್ನೂರು ಮುಗಿಯಿತು, ಪುಡಿಯೂ ಮುಗಿಯಿತು. ಅಜ್ಜಿ ಬರಲಿಲ್ಲ. ಬರೀ ರೊಟ್ಟಿಯನ್ನೇ, ಒಳಗೇನೂ ಇಲ್ಲದೆ, ಸುತ್ತಿ ಕರಿದೆ. ನನ್ನ ಕೈಯದು ಮೊದಲ ಬಾರಿ ಬಿಚ್ಚಿಕೊಂಡಿತು, ಒಂದರ ಹಿಂದೆ ಒಂದು. ಅಕ್ಕ ಅದನ್ನೂ ನೋಡುತ್ತಿದ್ದಳು. ಹಿಟ್ಟು ಮುಗಿದಾಗ ಉಳಿದದ್ದು ಭಾವನ ಎಂಟು ಮಾತ್ರ. ಬೇರೆ ದಾರಿಯಿಲ್ಲದೆ ಅವನ್ನೂ ಬಿಟ್ಟೆ. ಎಂಟೂ ಬಿಚ್ಚಿಕೊಂಡವು. ಹೊರಗೆ ತೆಗೆಯಲು ನನ್ನ ಕೈ ಹೋಗಲಿಲ್ಲ.

ಹೊತ್ತು ಮುಳುಗುವಾಗ ಅಜ್ಜಿ ಬಂದಳು. ನೇರವಾಗಿ ಒಲೆಯ ಹತ್ತಿರ ಬಂದು, ಸೆರಗಿನಲ್ಲಿ ಹಿಡಿದು, ಬಾಣಲೆಯನ್ನು ಕೆಳಗಿಳಿಸಿದಳು.

ಭಾವನನ್ನು ಮೇಲೆ ತಂದಿದ್ದರು. ಜೀವ ಇರಲಿಲ್ಲ.

ಸುರುಳಿಗಳು ಏನಾದವೋ ನಾನು ಕೇಳಲಿಲ್ಲ. ತಿಂಗಳು ಕಳೆದು ಅಕ್ಕನನ್ನು ಬಂಗಾರಪೇಟೆಗೆ ಕರೆದುಕೊಂಡು ಬಂದೆ. ಆ ದಿನ "ಓಗಿ ಬಾ" ಎಂದವನು ನಾನು ಎಂಬುದನ್ನು ಅವಳು ಒಂದು ಸಲವೂ ಎತ್ತಿಲ್ಲ. ಗೂಡ್ಸ್ ಗಾಡಿ ಹೋಗುವಾಗ ನಮ್ಮ ಮನೆಯ ಬಿಂದಿಗೆಯ ನೀರು ನಡುಗುತ್ತದೆ. ಇಬ್ಬರೂ ಅದು ನಿಲ್ಲುವ ತನಕ ನೋಡುತ್ತೇವೆ.

ಈಗ ನನಗೆ ಸ್ಟೇಷನ್ ರಸ್ತೆಯಲ್ಲಿ ಸ್ವಂತದ ಒಂದು ಅಂಗಡಿ, ಎರಡು ಒಲೆ, ನಾಲ್ಕು ಬಾಣಲೆ, ಒಂದು ಲಟ್ಟಣಿಗೆ ಇವೆ. ಮನೆಯಲ್ಲಿ ಅಕ್ಕ, ಅವಳ ಮಗಳು, ನನ್ನ ಹೆಂಡತಿ, ಇಬ್ಬರು ಗಂಡುಮಕ್ಕಳು, ನಾನು. ಊಟಕ್ಕೆ ಆರು ತಟ್ಟೆ.